ಅಂಟು ಬೇರೆ, ಗ್ಲುಟೆನ್ ಬೇರೆ

ಗೌರಿ ಹಬ್ಬದ ತಿಂಡಿಗಳ ಪಟ್ಟಿಯೊಂದರಲ್ಲಿ ಈಚೆಗೆ ‘ಅಂಟುಮುಕ್ತ ರವೆ ಉಂಡೆ’ ಎಂಬ ಹೆಸರನ್ನು ಓದಿದೆ. ಇಂಥ ಮಾತನ್ನು ಪೊಟ್ಟಣಗಳ ಮೇಲೆ, ಪಾಕವಿಧಾನಗಳಲ್ಲಿ, ಆರೋಗ್ಯ ಲೇಖನಗಳಲ್ಲಿ ನೋಡಿ ನೋಡಿ ಸಾಕಾಗಿರುವುದರಿಂದ ಈ ಬರಹ. ಮೂರೇ ಪದಗಳ ಆ ಹೆಸರಿನಲ್ಲಿ ಎರಡು ತಪ್ಪುಗಳಿವೆ. ರವೆ ಉಂಡೆಯ ರವೆ ಗೋಧಿಯಿಂದಲೇ ಆಗುವುದರಿಂದ ಅದರಲ್ಲಿ ಗೋಧಿಯ ಪ್ರೋಟೀನಾದ ಗ್ಲುಟೆನ್ ಇದ್ದೇ ಇರುತ್ತದೆ. ಇನ್ನು, ಅಂಟು ಎಂಬುದು ಗ್ಲುಟೆನ್‌ಗೆ ಕನ್ನಡ ಪದವಲ್ಲ. ಕೆಲವೆಡೆ ಇಂಗ್ಲಿಷಿನ ‘ಗ್ಲುಟೆನ್ ಫ್ರೀ’ ಎಂಬುದು ‘ಗ್ಲುಟೆನ್ ಉಚಿತ’ ಎಂದೂ ಅಚ್ಚಾಗುತ್ತದೆ. ಅದನ್ನು ಯಂತ್ರಾನುವಾದದ ಎಡವಟ್ಟೆಂದು ಓದುಗರೇ ಗುರುತಿಸಿಬಿಡುತ್ತಾರೆ. ‘ಅಂಟುಮುಕ್ತ’ ಹಾಗಲ್ಲ, ಸರಿಯಾದ ಕನ್ನಡದಂತೆ ಕಾಣುತ್ತದೆ, ಆದ್ದರಿಂದಲೇ ಹೆಚ್ಚು ಹಾನಿ ಮಾಡುತ್ತದೆ.

ಅನುವಾದಕರು ನಿಘಂಟನ್ನು ನೋಡದೆ ಬರೆದಿದ್ದಾರೆ ಎನ್ನಲಾಗದು. ಲ್ಯಾಟಿನ್‌ನಲ್ಲಿ ಗ್ಲುಟೆನ್ ಎಂದರೆ ಅಂಟು, ಗೋಂದು ಎಂದೇ ಅರ್ಥ. ಇಟಲಿಯ ಬೊಲೊನ್ಯದ ವಿದ್ವಾಂಸ ಯಾಕೊಪೊ ಬಾರ್ತೊಲೊಮಿಯೊ ಬೆಕ್ಕಾರಿ 1728ರಲ್ಲಿ ಮಂಡಿಸಿ 1745ರಲ್ಲಿ ಪ್ರಕಟಿಸಿದ ಪ್ರಯೋಗವು ನಮ್ಮ ಅಡುಗೆಮನೆಗಳಲ್ಲಿ ಯಾರು ಬೇಕಾದರೂ ಮಾಡಿ ನೋಡಬಹುದಾದಷ್ಟು ಸರಳವಾದುದು. ಗೋಧಿಹಿಟ್ಟನ್ನು ಕಲಸಿ, ಆ ಮುದ್ದೆಯನ್ನು ನೀರಿನಲ್ಲಿ ಹಿಚುಕಿ ಹಿಚುಕಿ ತೊಳೆದರೆ ಪಿಷ್ಟವೆಲ್ಲ ಹಾಲಿನಂತೆ ಹರಿದುಹೋಗಿ, ಎಳೆದರೆ ರಬ್ಬರಿನಂತೆ ಹಿಗ್ಗುವ ಬೂದುಬಣ್ಣದ ಒಂದು ಉಂಡೆ ಕೈಯಲ್ಲಿ ಉಳಿಯುತ್ತದೆ. ಅಂಥ ಗುಣದ ವಸ್ತು ಪ್ರಾಣಿಗಳಲ್ಲಿ ಮಾತ್ರ ಇರುತ್ತದೆ ಎಂದು ನಂಬಿದ್ದ ಕಾಲದಲ್ಲಿ ಅದು ಗೋಧಿಯಲ್ಲಿ ಸಿಕ್ಕಿತು, ಅಂಟಿನಂತಿದ್ದುದರಿಂದ ಅಂಟಿನ ಹೆಸರನ್ನೇ ಪಡೆಯಿತು. ಗೋಧಿ ಹಲ್ವಕ್ಕೆಂದು ಗೋಧಿಯನ್ನು ನೆನೆಸಿ, ರುಬ್ಬಿ, ಹಾಲು ತೆಗೆಯುವವರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಆದರೆ ಆ ಹಾಲಿನಲ್ಲಿ ಗ್ಲುಟೆನ್ ಪೂರ್ತಿ ಹೋಗಿರುವುದಿಲ್ಲವಾದ್ದರಿಂದ ಗೋಧಿ ಹಲ್ವವನ್ನು ಗ್ಲುಟೆನ್ ಇಲ್ಲದ ತಿಂಡಿಗಳ ಸಾಲಿಗೆ ಸೇರಿಸಬಾರದು. ಆ ಸಾಲಿಗೆ ಸೇರಬೇಕಾದುದು ಅಕ್ಕಿಯ ಅಥವಾ ರಾಗಿಯ ಹಾಲುಬಾಯಿ.

ಅಲ್ಲಿಂದ ಮುಂದೆ ಆ ಪದ ತನ್ನ ಮೂಲಾರ್ಥವನ್ನು ಕಳಚಿಕೊಂಡಿತು. ಇಂದು ಗ್ಲುಟೆನ್ ಎಂದರೆ ಗೋಧಿಯಲ್ಲಿರುವ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳು ನೀರು ಮತ್ತು ನಾದುವಿಕೆಯಿಂದ ಹೆಣೆದುಕೊಂಡು ಆಗುವ ಜಾಲ. ಆಹಾರದ ನಿಯಮಗಳ ಮಟ್ಟಿಗೆ ಬಾರ್ಲಿಯ ಹಾರ್ಡೀನ್ ಮತ್ತು ರೈ ಧಾನ್ಯದ ಸೆಕಾಲಿನ್ ಕೂಡ ಇದೇ ಹೆಸರಿನಡಿ ಬರುತ್ತವೆ. ಗಿರಣಿಯ ಮಾತಾಗಿದ್ದ ಈ ಪದವನ್ನು ಆಸ್ಪತ್ರೆಗೆ ತಂದವರಲ್ಲಿ ಮುಖ್ಯರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ. ಗ್ಲುಟೆನ್ ತಿಂದರೆ ಸಣ್ಣಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆಯ ಮಕ್ಕಳಿಗೆ ಗೋಧಿಯೇ ವಿಷವಾಗುತ್ತಿದೆ ಎಂದು 1950ರ ಮಹಾಪ್ರಬಂಧದಲ್ಲಿ ಅವರು ತೋರಿಸಿಕೊಟ್ಟ ಮೇಲೆ ಗ್ಲುಟೆನ್ ಎಂಬುದು ರೋಗಿಯ ಊಟದ ಪ್ರಶ್ನೆಯಾಯಿತು. ಅಂಥ ರೋಗಿ ಪೊಟ್ಟಣವನ್ನು ತಿರುಗಿಸಿ ಓದುವಾಗ ಅವನಿಗೆ ಬೇಕಾಗಿರುವುದು ಹಿಟ್ಟು ಕೈಗೆ ಅಂಟುತ್ತದೆಯೇ ಎಂಬ ಮಾಹಿತಿಯಲ್ಲ.

ಇಂಗ್ಲಿಷ್ ಓದುಗರು ಈ ಪದವನ್ನು ಕೇಳಿದಾಗ ಅವರ ಮನಸ್ಸಿಗೆ ಗೋಂದು ಬರುವುದಿಲ್ಲ, ಏಕೆಂದರೆ ಗೋಂದಿಗೆ ಅವರಲ್ಲಿ ಬೇರೆ ಪದವಿದೆ. ಕನ್ನಡದಲ್ಲಿ ಅಂಟು ಇನ್ನೂ ಜೀವಂತವಾಗಿ ದುಡಿಯುತ್ತಿರುವ ಪದ. ಅಂಟುರೋಗ, ಅಂಟುವಾಳ, ಅಂಟುನಂಟು ಎಲ್ಲವೂ ಒಂದೇ ಬೇರಿನವು. ಅಡುಗೆಮನೆಯಲ್ಲಂತೂ ಅಂಟು ಎಂಬುದು ಒಂದು ನಿಶ್ಚಿತ ಪದಾರ್ಥದ ಹೆಸರು: ಬಾಣಂತಿಯರಿಗೆ ಕಟ್ಟಿಕೊಡುವ ಅಂಟಿನ ಉಂಡೆಯ ಅಂಟು, ಗೋಕಾಕ ಮತ್ತು ಅಮೀನಗಡದ ಕರದಂಟಿನ ಅಂಟು. ‘ಕರಿದ ಅಂಟು’ ಎಂಬುದೇ ಕರದಂಟು. ಅದು ಮರದಿಂದ ಒಸರುವ ಗೋಂದು, ರಾಸಾಯನಿಕವಾಗಿ ಸಕ್ಕರೆಗಳ ಉದ್ದನೆಯ ಸರಪಳಿ. ಅದಕ್ಕೂ ಗೋಧಿಯ ಪ್ರೋಟೀನಿಗೂ ಯಾವ ಸಂಬಂಧವೂ ಇಲ್ಲ. ಅಂಟು, ಬೆಲ್ಲ, ಕೊಬ್ಬರಿ, ಒಣಹಣ್ಣು, ಬೀಜಗಳಿಂದ ಆಗುವ ಕರದಂಟಿನಲ್ಲಿ ಗ್ಲುಟೆನ್ ಇಲ್ಲ. ಹೀಗಿರುವಾಗ ‘ಅಂಟುಮುಕ್ತ ಆಹಾರ ಸೇವಿಸಿ’ ಎಂಬ ಸಲಹೆಯನ್ನು ಓದಿದ ಬೆಳಗಾವಿಯ ತಾಯಿಯೊಬ್ಬಳು ಮಗುವಿಗೆ ಕೊಡಬಹುದಾದ ಅಂಟಿನ ಉಂಡೆಯನ್ನು ತೆಗೆದಿಟ್ಟು, ಕೈಗೆ ಅಂಟದಂತೆ ಉದುರುದುರಾದ ರವೆಯ ಉಪ್ಪಿಟ್ಟನ್ನು ಬಡಿಸಿದರೆ ತಪ್ಪು ಆಕೆಯದಲ್ಲ.

ಗ್ಲುಟೆನ್ ಇಲ್ಲದ ಬ್ರೆಡ್ಡಿನ ವಿಷಯಕ್ಕೆ ಬಂದರೆ ಈ ಅನುವಾದ ಪೂರ್ತಿ ತಲೆಕೆಳಗಾಗುತ್ತದೆ. ಈಸ್ಟ್ ಹೊರಬಿಡುವ ಅನಿಲವನ್ನು ಗೋಧಿಯ ಹಿಟ್ಟಿನಲ್ಲಿ ಹಿಡಿದಿಡುವುದು ಗ್ಲುಟೆನ್ನಿನ ಜಾಲ. ಅದು ಇಲ್ಲದಿದ್ದರೆ ಅನಿಲ ಸೋರಿಹೋಗಿ ಬ್ರೆಡ್ಡು ಇಟ್ಟಿಗೆಯಾಗುತ್ತದೆ. ಆದ್ದರಿಂದ ಅಕ್ಕಿ ಅಥವಾ ಜೋಳದ ಹಿಟ್ಟಿನಿಂದ ಬ್ರೆಡ್ಡು ಮಾಡುವವರು ಕ್ಸಾಂಥನ್ ಗಮ್ ಅನ್ನೋ ಇಸಬಗೋಲಿನ ಹೊಟ್ಟನ್ನೋ ಸೇರಿಸುತ್ತಾರೆ. ಕ್ಸಾಂಥನ್ ಬ್ಯಾಕ್ಟೀರಿಯಾದಿಂದ ಹುದುಗಿಸಿ ಪಡೆಯುವ ಅಂಟು. ಇಸಬಗೋಲು ನೀರು ಕುಡಿದು ಲೋಳೆಯಾಗುವ ಅಂಟು. ಅಂದರೆ ‘ಅಂಟುಮುಕ್ತ’ ಎಂದು ಚೀಟಿ ಅಂಟಿಸಿದ ಬ್ರೆಡ್ಡು ಬ್ರೆಡ್ಡಾಗಿ ನಿಂತಿರುವುದೇ ಹೊರಗಿನಿಂದ ಸೇರಿಸಿದ ಅಂಟಿನಿಂದ. ಕೇಕಿಗೆ ಇಷ್ಟು ಕಷ್ಟವಿಲ್ಲ, ಮೊಟ್ಟೆ ಮತ್ತು ಪಿಷ್ಟವೇ ಅದರ ಬಹುಪಾಲು ಭಾರವನ್ನು ಹೊರುತ್ತವೆ. ನಮ್ಮ ಇಡ್ಲಿಯೂ ಗೋಧಿಯಿಲ್ಲದೆಯೇ ಉಬ್ಬುತ್ತದೆ. ಉದ್ದಿನ ಪ್ರೋಟೀನು ಮತ್ತು ಅದರ ಲೋಳೆಯಂಥ ಸಕ್ಕರೆಸರಪಳಿಗಳು ಗುಳ್ಳೆಗಳನ್ನು ಹಿಡಿದಿಡುವುದೇ ಅದಕ್ಕೆ ಕಾರಣವೆಂದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು 1970ರ ದಶಕದಲ್ಲಿಯೇ ವಿವರಿಸಿದ್ದಾರೆ. ರುಬ್ಬಿದ ಉದ್ದಿನಷ್ಟು ಜಿಗುಟಾದ ಹಿಟ್ಟು ಇನ್ನೊಂದಿಲ್ಲ, ಅದರಲ್ಲಿ ಗ್ಲುಟೆನ್ ಲವಲೇಶವೂ ಇಲ್ಲ.

ಕನ್ನಡಕ್ಕೆ ಈ ವ್ಯತ್ಯಾಸ ಹೊಸತೇನೂ ಅಲ್ಲ; ನಮ್ಮ ಕ್ರಿಯಾಪದಗಳಲ್ಲಿಯೇ ಅದು ಅಡಗಿದೆ. ಚಪಾತಿಯನ್ನು ಲಟ್ಟಿಸುತ್ತೇವೆ, ರೊಟ್ಟಿಯನ್ನು ತಟ್ಟುತ್ತೇವೆ, ಉತ್ತರ ಕರ್ನಾಟಕದಲ್ಲಿ ಬಡಿಯುತ್ತೇವೆ. ಲಟ್ಟಣಿಗೆಯ ಎಳೆತವನ್ನು ತಾಳಿಕೊಂಡು ಹಿಗ್ಗುವ ಶಕ್ತಿ ಗೋಧಿಯ ಕಣಕಕ್ಕೆ ಗ್ಲುಟೆನ್ನಿನಿಂದ ಬರುತ್ತದೆ. ಜೋಳದ ಹಿಟ್ಟಿಗೆ ಆ ಶಕ್ತಿಯಿಲ್ಲವಾದ್ದರಿಂದ ಕುದಿಯುವ ನೀರು ಹಾಕಿ, ಪಿಷ್ಟವನ್ನು ಅರೆಬೇಯಿಸಿ ಜಿಗಿ ತಂದು, ಬಿಸಿ ಆರುವ ಮೊದಲೇ ನಾದಿ ಬಡಿಯಬೇಕು. ಜಿಗಿ ಎಂಬುದು ಹಿಟ್ಟಿನ ಗುಣ. ಅದು ಪಿಷ್ಟದಿಂದಲೂ ಬರಬಹುದು, ಲೋಳೆಯಿಂದಲೂ ಬರಬಹುದು, ಗ್ಲುಟೆನ್ನಿನಿಂದಲೂ ಬರಬಹುದು. ಈ ಮಾತನ್ನು ಮರೆತವರು ಬರೆದ ಪಾಕವಿಧಾನಗಳಲ್ಲಿ ‘ಜೋಳದ ಹಿಟ್ಟನ್ನು ಚೆನ್ನಾಗಿ ನಾದಿ ಅರ್ಧ ಗಂಟೆ ನೆನೆಯಲು ಬಿಡಿ’ ಎಂಬ ಸೂಚನೆ ಇರುತ್ತದೆ. ನೆನೆಯಲು ಬಿಡುವುದು ಗ್ಲುಟೆನ್ನಿನ ಬಿಗಿ ಸಡಿಲವಾಗಲೆಂದು; ಗ್ಲುಟೆನ್ನೇ ಇಲ್ಲದ ಹಿಟ್ಟು ಆ ಅರ್ಧ ಗಂಟೆಯಲ್ಲಿ ಆರಿ ಬಿರಿಯುತ್ತದೆ, ಅಷ್ಟೆ.

ಹೊರದೇಶಗಳಲ್ಲಿರುವ ಕನ್ನಡಿಗರು ಇದರದೇ ಇನ್ನೊಂದು ರೂಪವನ್ನು ಏಷ್ಯಾದ ದಿನಸಿ ಅಂಗಡಿಗಳಲ್ಲಿ ಎದುರಿಸುತ್ತಾರೆ. ಅಲ್ಲಿ ‘ಗ್ಲುಟಿನಸ್ ರೈಸ್’ ಎಂದು ಬರೆದ ಅಕ್ಕಿಹಿಟ್ಟಿನ ಪೊಟ್ಟಣ ಸಿಗುತ್ತದೆ. ಈ ವಿಶೇಷಣಕ್ಕೆ ಹಳೆಯ ಲ್ಯಾಟಿನ್ ಅರ್ಥವೇ ಉಳಿದಿದೆ: ಬೆಂದಾಗ ಅಂಟಂಟಾಗುವ ಅಕ್ಕಿ. ಅದರಲ್ಲಿ ಗ್ಲುಟೆನ್ ಇಲ್ಲ, ನಿಶ್ಚಿಂತೆಯಿಂದ ಕೊಳ್ಳಬಹುದು. ಕನ್ನಡದಲ್ಲಿ ‘ಅಂಟಕ್ಕಿ’ ಎನ್ನಬೇಕಾದುದು ಇದನ್ನೇ. ಅಜಿನೊಮೊಟೊದಂಥ ರುಚಿವರ್ಧಕಗಳಲ್ಲಿರುವ ಗ್ಲುಟಮೇಟ್ ಎಂಬ ಪದವೂ ಅದೇ ಮನೆತನದ್ದು, 1866ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ರಿಟ್‌ಹೌಸೆನ್ ಗ್ಲುಟಮಿಕ್ ಆಮ್ಲವನ್ನು ಗೋಧಿಯ ಗ್ಲುಟೆನ್ನಿನಿಂದ ಬೇರ್ಪಡಿಸಿದ್ದರಿಂದ ಬಂದ ಹೆಸರು. ಹೆಸರಿನ ನಂಟಿದೆಯೇ ಹೊರತು ಅದು ಗ್ಲುಟೆನ್ ಅಲ್ಲ.

ಮೊದಲು ಹೇಳಿದ ಆ ತಿಂಡಿಯ ಹೆಸರಿನ ಇನ್ನೊಂದು ತಪ್ಪಾದ ರವೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಆದರೂ ಹೇಳಲೇಬೇಕಾಗಿ ಬಂದಿದೆ. ಉಪ್ಪಿಟ್ಟಿನ ರವೆ, ಚಿರೋಟಿ ರವೆ, ಬನ್ಸಿ ರವೆ, ಮೈದಾ, ಎಲ್ಲವೂ ಗೋಧಿಯೇ. ಇಡ್ಲಿಯಲ್ಲಿ ಗ್ಲುಟೆನ್ ಇಲ್ಲವೆಂದು ಕಲಿತವರು ರವೆ ಇಡ್ಲಿಯನ್ನೂ, ದೋಸೆಯಲ್ಲಿ ಇಲ್ಲವೆಂದು ಕಲಿತವರು ರವೆ ದೋಸೆಯನ್ನೂ ತಿನ್ನುತ್ತಾರೆ. ಒತ್ತು ಶಾವಿಗೆ ಅಕ್ಕಿಯದು, ಪಾಯಸದ ಶಾವಿಗೆ ಸಾಮಾನ್ಯವಾಗಿ ಗೋಧಿಯದು. ಮದ್ದೂರು ವಡೆಯಲ್ಲಿ ರವೆ ಮತ್ತು ಮೈದಾ ಎರಡೂ ಇವೆ. ಜವೆಗೋಧಿ ಎಂಬ ಪದಕ್ಕೆ ಕೆಲವೆಡೆ ಬಾರ್ಲಿ ಎಂದೂ, ಉತ್ತರ ಕರ್ನಾಟಕದಲ್ಲಿ ಸದಕ ಅಥವಾ ಖಪ್ಲಿ ಎನ್ನುವ ಹಳೆಯ ತಳಿಯ ಗೋಧಿ ಎಂದೂ ಅರ್ಥವಿದೆ. ಯಾವ ಅರ್ಥವನ್ನು ಹಿಡಿದರೂ ಅದರಲ್ಲಿ ಗ್ಲುಟೆನ್ ಇದೆ. ಪುರಾತನ ತಳಿಯೆಂಬ ಕಾರಣಕ್ಕೆ ಖಪ್ಲಿಯನ್ನು ಸೀಲಿಯಾಕ್ ರೋಗಿಗಳಿಗೆ ಶಿಫಾರಸು ಮಾಡುವ ಬರಹಗಳು ಅಪಾಯಕಾರಿ.

ಹಬ್ಬದ ಅಡುಗೆಯಲ್ಲಿ ನನಗೆ ಅರ್ಥವಾಗದ ಹಟವೆಂದರೆ ಒಬ್ಬಟ್ಟನ್ನು ಹೇಗಾದರೂ ಗ್ಲುಟೆನ್ ಇಲ್ಲದೆ ಮಾಡಿಯೇ ತೀರಬೇಕೆಂಬುದು. ಕಣಕ ಎಣ್ಣೆಯಲ್ಲಿ ನೆನೆದು, ಹೂರಣವನ್ನು ಒಳಗಿಟ್ಟುಕೊಂಡು ಕಾಗದದಷ್ಟು ತೆಳ್ಳಗೆ ಹಿಗ್ಗುವುದೇ ಒಬ್ಬಟ್ಟಿನ ಜೀವ, ಆ ಹಿಗ್ಗುವಿಕೆಯೇ ಗ್ಲುಟೆನ್ನಿನ ಕೆಲಸ. ಕ್ಸಾಂಥನ್ ಬೆರೆಸಿದ ಅಕ್ಕಿಹಿಟ್ಟಿನಿಂದ ಅದರ ಹತ್ತಿರದ ಒಂದು ಪದಾರ್ಥವಾಗಬಹುದು, ಒಬ್ಬಟ್ಟಾಗುವುದಿಲ್ಲ. ಅದೇ ಕಡಲೆಬೇಳೆಯ ಹೂರಣವನ್ನು ಉಕ್ಕರಿಸಿದ ಅಕ್ಕಿಹಿಟ್ಟಿನ ಕಣಕದೊಳಗೆ ತುಂಬಿ ಹಬೆಯಲ್ಲಿ ಬೇಯಿಸಿದರೆ ಕಡುಬು ತಯಾರು. ಅದು ಯಾವುದಕ್ಕೂ ಬದಲಿಯಲ್ಲ, ತಾನೇ ಒಂದು ಹಬ್ಬದ ಅಡುಗೆ. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪಂಚಮಿಯ ಶೇಂಗಾ ಉಂಡಿ, ಅಕ್ಕಿಯ ತಂಬಿಟ್ಟು, ದೀಪಾವಳಿಯ ಕಜ್ಜಾಯ ಇವೆಲ್ಲ ಹುಟ್ಟಿನಿಂದಲೇ ಗ್ಲುಟೆನ್ ಇಲ್ಲದವು. ಕ್ರಿಸ್‌ಮಸ್ಸಿಗೆ ಮಂಗಳೂರಿನ ಮನೆಗಳಲ್ಲಿ ಮಾಡುವ ಕುಸ್ವಾರ್ ಎಂಬ ತಿಂಡಿಗಳ ಸಾಲಿನಲ್ಲಿಯೂ ಮೈದಾದ ನೆವ್ರಿಯ ಪಕ್ಕದಲ್ಲೇ ಅಕ್ಕಿಹಿಟ್ಟಿನ ಗುಳಿಯೋ ಇರುತ್ತದೆ.

ಪದವನ್ನು ಏನೆಂದು ಬರೆಯಬೇಕು ಎಂದು ಕೇಳುವವರಿಗೆ ಉತ್ತರ ಸರಳ: ವಿಟಮಿನ್ ಅನ್ನು ವಿಟಮಿನ್ ಎಂದೇ ಬರೆದಂತೆ ಗ್ಲುಟೆನ್ ಅನ್ನು ಗ್ಲುಟೆನ್ ಎಂದೇ ಬರೆಯಬೇಕು, ‘ಗ್ಲುಟೆನ್ ಇಲ್ಲದ’, ‘ಗ್ಲುಟೆನ್‌ರಹಿತ’ ಎರಡೂ ಸರಿ. ಆದರೆ ಪೊಟ್ಟಣದ ಮೇಲೆ ಹಾಗೆ ಬರೆಯುವುದಕ್ಕೆ ಒಂದು ಅಳತೆಯಿದೆ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಮತ್ತು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮಗಳ ಪ್ರಕಾರ ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಮನ್ನು ಮೀರುವಂತಿಲ್ಲ. ಗೋಧಿಯನ್ನು ಬೀಸಿದ ಗಿರಣಿಯಲ್ಲಿಯೇ ಮರುಕ್ಷಣ ರಾಗಿಯನ್ನು ಬೀಸಿದರೆ ಮೊದಲ ಹಿಡಿ ಹಿಟ್ಟಿನಲ್ಲಿಯೇ ಆ ಮಿತಿ ಮೀರಬಹುದು. ಚಪಾತಿಯ ಮಣೆಯ ಮೇಲೆ ತಟ್ಟಿದ ರೊಟ್ಟಿಗೂ, ಶಂಕರಪೋಳಿ ಕರಿದ ಎಣ್ಣೆಯಲ್ಲಿ ಬೆಂದ ಚಕ್ಕುಲಿಗೂ ಇದೇ ಮಾತು ಸಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಕಣ್ತಪ್ಪಿಸುವುದು ಇಂಗು. ಅಂಗಡಿಯಲ್ಲಿ ಸಿಗುವ ಕೂಟು ಇಂಗಿನಲ್ಲಿ ಅಪ್ಪಟ ಇಂಗು ಸ್ವಲ್ಪವೇ. ಉಳಿದದ್ದು ಮರದ ಅಂಟು ಮತ್ತು ಹಿಟ್ಟು. ಆ ಅಂಟಿನಿಂದ ಸೀಲಿಯಾಕ್ ರೋಗಿಗೆ ಏನೂ ಆಗುವುದಿಲ್ಲ. ಆ ಹಿಟ್ಟು ಬಹಳಷ್ಟು ಡಬ್ಬಿಗಳಲ್ಲಿ ಮೈದಾ ಆಗಿರುತ್ತದೆ, ಕೆಲವದರಲ್ಲಿ ಮಾತ್ರ ಅಕ್ಕಿಹಿಟ್ಟು. ಅನ್ನ, ತಿಳಿಸಾರು, ಮಜ್ಜಿಗೆಯ ಊಟವನ್ನೇ ನಂಬಿ ಬಂದ ಅತಿಥಿಗೆ ಒಗ್ಗರಣೆ ಹಾಕುವ ಮೊದಲು ಆ ಡಬ್ಬಿಯ ಹಿಂಬದಿಯನ್ನು ಓದಿ ನೋಡಬೇಕು.