ಡೋಬ್ರೊ ಕೈಗೆ ಲ್ಯಾಪ್ ಸ್ಟೀಲ್: ಟ್ಯೂನಿಂಗ್ ಆರಿಸುವುದು ಕಿವಿಯ ಲೆಕ್ಕ

ಡೋಬ್ರೊ, ಲ್ಯಾಪ್ ಸ್ಟೀಲ್ ಎರಡೂ ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ಬಾರ್ ಜಾರಿಸಿ ನುಡಿಸುವ ಗಿಟಾರುಗಳು. ಡೋಬ್ರೊದ ದನಿಯನ್ನು ಲೋಹದ ಕೋನ್ ಎತ್ತುತ್ತದೆ, ಲ್ಯಾಪ್ ಸ್ಟೀಲ್‌ನ ದನಿಯನ್ನು ವಿದ್ಯುತ್ತು. ಡೋಬ್ರೊ ನುಡಿಸುವವರ ಕೈಗೆ ಲ್ಯಾಪ್ ಸ್ಟೀಲ್ ಗಿಟಾರ್ ಬಂದ ಕೂಡಲೇ ಏಳುವ ಪ್ರಶ್ನೆ, ಇದನ್ನು ಯಾವ ಟ್ಯೂನಿಂಗ್‌ನಲ್ಲಿ ಇಟ್ಟುಕೊಳ್ಳಲಿ, ಅಂದರೆ ಖಾಲಿ ತಂತಿಗಳನ್ನು ಯಾವ ಸ್ವರಗಳಿಗೆ ಬಿಗಿಯಲಿ ಅನ್ನೋದು. ಸಿಗುವ ಉತ್ತರವೂ ಬಹುತೇಕ ಒಂದೇ ಥರ. ಹವಾಯಿ ಸಂಗೀತಕ್ಕೆ ಸಿ6, ಬ್ಲೂಸ್ ಮತ್ತು ರಾಕ್‌ಗೆ ಓಪನ್ ಇ, ಅಮೆರಿಕದ ಹಳ್ಳಿ ಸಂಗೀತವಾದ ಬ್ಲೂಗ್ರಾಸ್‌ಗೆ ಡೋಬ್ರೊದಲ್ಲಿ ಈಗಾಗಲೇ ಇರುವ ಜಿ ಸಾಕು. ಖಾಲಿ ತಂತಿಗಳನ್ನು ಒಟ್ಟಿಗೆ ಮೀಟಿದಾಗ ಹೊರಡುವ ಕಾರ್ಡ್‌ನ, ಅಂದರೆ ಸ್ವರಗುಚ್ಛದ, ಹೆಸರೇ ಟ್ಯೂನಿಂಗ್‌ಗೂ. ಈ ಮಾತು ಕೇಳಿದರೆ ನನಗೆ ರೇಗುತ್ತದೆ. ಆರು ತಂತಿಗಳಿಗೆ ಕುಲಗೋತ್ರ ಹಚ್ಚುವ ಕೆಲಸ ಇದು. ಟ್ಯೂನಿಂಗ್ ಆರಿಸಲು ಇದಕ್ಕಿಂತ ಗಟ್ಟಿ ಕಾರಣಗಳು ತಂತಿಯಲ್ಲಿವೆ, ಆಂಪ್ಲಿಫೈಯರ್‌ನಲ್ಲಿವೆ, ಎಲ್ಲಕ್ಕಿಂತ ಜಾಸ್ತಿ ನಮ್ಮ ಕಿವಿಯಲ್ಲಿವೆ.

ಎಲ್ಲದರ ಮೂಲ ಒಂದೇ: ಬಾರ್ ನೆಟ್ಟಗಿದೆ. ಸಾಮಾನ್ಯ ಗಿಟಾರಿನಲ್ಲಿ ನಾಲ್ಕು ಬೆರಳು ನಾಲ್ಕು ಕಡೆ ಒತ್ತಬಹುದು. ಇಲ್ಲಿ ಒಂದು ಉಕ್ಕಿನ ಬಾರ್ ಆರೂ ತಂತಿಗಳನ್ನು ಒಂದೇ ಗೆರೆಯಲ್ಲಿ ಮುಟ್ಟುತ್ತದೆ. ಎಲ್ಲ ತಂತಿಗಳೂ ಒಂದೇ ಪ್ರಮಾಣದಲ್ಲಿ ಗಿಡ್ಡವಾಗುತ್ತವೆ. ಹಾಗಾಗಿ ಸ್ವರಗಳ ನಡುವಿನ ಅಂತರ ಬದಲಾಗುವುದೇ ಇಲ್ಲ. ಸೌದೆ ಕಟ್ಟನ್ನು ಎತ್ತಿ ಎಲ್ಲಿಟ್ಟರೂ ಒಳಗಿನ ಸೌದೆ ಇದ್ದ ಹಾಗೇ ಇರುತ್ತದಲ್ಲ, ಹಾಗೆ. ನೀವು ಕಟ್ಟಿದ್ದು ಸ ಗ ಪ ಸೇರಿದ ಮೇಜರ್ ಕಾರ್ಡ್ ಆದರೆ ಯಾವ ಫ್ರೆಟ್‌ಗೆ, ಅಂದರೆ ಕುತ್ತಿಗೆಯ ಮೇಲಿನ ಯಾವ ಅರ್ಧ ಸ್ವರದ ಗೆರೆಗೆ, ಹೋದರೂ ಮೇಜರೇ. ಬಾರನ್ನು ಓರೆ ಮಾಡಿ ಎರಡು ತಂತಿಗಳಿಂದ ಬೇರೆ ಅಂತರ ಹೊರಡಿಸಬಹುದು. ಮೂರು ತಂತಿಗಳಲ್ಲಿ ಅದನ್ನೇ ಸುಸ್ವರವಾಗಿ ಮಾಡುವುದು ಪಳಗಿದ ಕೈಗೂ ಕಷ್ಟ. ಅಂದರೆ ಯಾವ ಸ್ವರದ ಪಕ್ಕ ಯಾವ ಸ್ವರ ಕೂರಬೇಕು ಅನ್ನೋದನ್ನು ನುಡಿಸುವ ಮೊದಲೇ ತೀರ್ಮಾನಿಸಿರಬೇಕು.

ಕುಲಗೋತ್ರದ ವಿಷಯಕ್ಕೆ ಬರೋಣ. ಹವಾಯಿಯ ಓಆಹು ದ್ವೀಪದ ಜೋಸೆಫ್ ಕೆಕುಕು 1880ರ ದಶಕದಲ್ಲಿ, ಇನ್ನೂ ಹುಡುಗನಾಗಿದ್ದಾಗ, ಗಿಟಾರಿನ ತಂತಿಗಳ ಮೇಲೆ ಲೋಹದ ತುಂಡು ಜಾರಿಸಿ ನುಡಿಸುವ ಕ್ರಮವನ್ನು ಬೆಳೆಸಿದ. 1904ರಲ್ಲಿ ಅದನ್ನು ಅಮೆರಿಕದ ಮುಖ್ಯಭೂಮಿಗೆ ಒಯ್ದ. ಆ ಕಾಲದ ಹವಾಯಿ ಸಂಗೀತಗಾರರು ಸಿ6 ಹಿಡಿದು ಕೂತಿರಲಿಲ್ಲ. ಅವರು ಬಳಸುತ್ತಿದ್ದ ಮುಖ್ಯ ಟ್ಯೂನಿಂಗ್‌ಗಳಲ್ಲಿ ಒಂದು ಹೈ ಬಾಸ್ ಎ: ದಪ್ಪ ತಂತಿಯಿಂದ ಶುರುಮಾಡಿದರೆ ಎ, ಸಿ ಶಾರ್ಪ್, ಇ, ಎ, ಸಿ ಶಾರ್ಪ್, ಇ. ಇದನ್ನು ಎರಡು ಫ್ರೆಟ್ ಕೆಳಗಿಳಿಸಿ ನೋಡಿ. ಜಿ, ಬಿ, ಡಿ, ಜಿ, ಬಿ, ಡಿ! ಬ್ಲೂಗ್ರಾಸ್‌ನ ಸ್ವಂತ ಆಸ್ತಿ ಅಂತ ಹೇಳಿಕೊಳ್ಳುವ ಡೋಬ್ರೊ ಟ್ಯೂನಿಂಗ್‌ನ ಅಂತರಗಳು ಹಳೆಯ ಹವಾಯಿಯವೇ. ಹವಾಯಿಯ ವಾದಕ ಸೋಲ್ ಹೂಪಿಯ ಸಿ ಶಾರ್ಪ್ ಮೈನರ್ ಹೆಸರು ಮಾಡಿದ್ದು 1930ರ ದಶಕದಲ್ಲಿ. ಸಿ6 ಅನ್ನು ಜನಪ್ರಿಯ ಮಾಡಿದವರಲ್ಲಿ ದೊಡ್ಡ ಹೆಸರು ಜೆರ್ರಿ ಬರ್ಡ್. ಆತ 1920ರಲ್ಲಿ ಹುಟ್ಟಿದ್ದು ಓಹಾಯೋದಲ್ಲಿ, ಹೆಸರು ಮಾಡಿದ್ದು ಕಂಟ್ರಿ ಸಂಗೀತದಲ್ಲಿ. ಈಗ ಹೇಳಿ, ಯಾವುದು ಯಾರ ಆಸ್ತಿ?

ವಾದ್ಯಗಳ ಕಥೆ ಇನ್ನೂ ಸೊಗಸು. 1920ರ ದಶಕದಲ್ಲಿ ಗಿಟಾರಿನ ದನಿ ದೊಡ್ಡ ಬ್ಯಾಂಡುಗಳಲ್ಲಿ ಮುಳುಗಿಹೋಗುತ್ತಿತ್ತು. ಲಾಸ್ ಏಂಜಲಿಸ್‌ನ ನ್ಯಾಷನಲ್ ಕಂಪನಿಯಲ್ಲಿ ಜಾನ್ ಡೋಪೆರಾ ಮತ್ತು ಜಾರ್ಜ್ ಬೋಶಾಂಪ್ ಇಬ್ಬರೂ ಇದ್ದರು. ಇಬ್ಬರಿಗೂ ಆಗಿಬರಲಿಲ್ಲ. ಡೋಪೆರಾ ಹೊರಬಂದು ಅಣ್ಣತಮ್ಮಂದಿರ ಜೊತೆ ಡೋಬ್ರೊ ಮಾಡಿದ: ಅಲ್ಯೂಮಿನಿಯಂನ ತೆಳು ಕೋನ್ ತಂತಿಯ ಕಂಪನವನ್ನು ಗಾಳಿಗೆ ಎಸೆಯುತ್ತದೆ. ಬೋಶಾಂಪ್ ಆಮೇಲೆ ಉದ್ಯಮಿ ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆ ಸೇರಿ ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾಡಿದ. 1932ರಲ್ಲಿ ಮಾರುಕಟ್ಟೆಗೆ ಬಂದ ಆ 'ಫ್ರೈಯಿಂಗ್ ಪ್ಯಾನ್' ಒಂದು ಲ್ಯಾಪ್ ಸ್ಟೀಲ್. ವ್ಯಾಪಾರದಲ್ಲಿ ಗೆದ್ದ ಮೊದಲ ಎಲೆಕ್ಟ್ರಿಕ್ ಗಿಟಾರ್ ಅದೇ. ಅದರ ಪೇಟೆಂಟ್ ಕೈಗೆ ಸಿಕ್ಕಿದ್ದು 1937ರಲ್ಲಿ.

ಒಂದೇ ತೊಂದರೆಗೆ ಎರಡು ಪರಿಹಾರ. ಆದರೆ ಪರಿಣಾಮ ಬೇರೆ ಬೇರೆ. ಡೋಬ್ರೊದ ಕೋನ್ ತಂತಿಯ ಶಕ್ತಿಯನ್ನು ಬೇಗ ಖರ್ಚು ಮಾಡುತ್ತದೆ. ಸ್ವರ ಜೋರಾಗಿ ಎದ್ದು ಬೇಗ ಆರುತ್ತದೆ. ಗಟ್ಟಿ ಮೈಯ ಲ್ಯಾಪ್ ಸ್ಟೀಲ್‌ನಲ್ಲಿ ಶಕ್ತಿ ತಂತಿಯಲ್ಲೇ ಉಳಿಯುತ್ತದೆ, ಸ್ವರ ತುಂಬಾ ಹೊತ್ತು ನಿಲ್ಲುತ್ತದೆ. ಇನ್ನೊಂದು ವಿಷಯ: ಡೋಬ್ರೊದ ಸಣ್ಣ ಕೋನ್‌ನಿಂದ ಮಂದ್ರ ತಂತಿಗಳ ಮೂಲ ಕಂಪನ ಅಷ್ಟಾಗಿ ಹೊರಬರುವುದಿಲ್ಲ. ಲ್ಯಾಪ್ ಸ್ಟೀಲ್‌ನಲ್ಲಿ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ಪು ಮತ್ತು ಆಂಪ್ಲಿಫೈಯರ್ ಅದನ್ನೂ ಎತ್ತಿ ಕೊಡುತ್ತವೆ. ಡೋಬ್ರೊದಲ್ಲಿ ನಡೆದುಹೋಗುತ್ತಿದ್ದ ಗಲಾಟೆ ಇಲ್ಲಿ ಬಯಲಾಗುವುದು ಇದರಿಂದಲೇ.

ಯಾವ ಗಲಾಟೆ? ಲೆಕ್ಕ ಹಾಕೋಣ. ಅತಿ ದಪ್ಪ ತಂತಿ ಆರನೆಯದು, ಅತಿ ತೆಳುವಾದದ್ದು ಒಂದನೆಯದು. ಜಿ ಟ್ಯೂನಿಂಗ್‌ನಲ್ಲಿ ಆರನೇ ತಂತಿ 98 ಹರ್ಟ್ಸ್, ಅಂದರೆ ಸೆಕೆಂಡಿಗೆ 98 ಕಂಪನ, ಐದನೆಯದು 123.5 ಹರ್ಟ್ಸ್. ಸ ಮತ್ತು ಗ. ಎರಡರ ನಡುವೆ ಸುಮಾರು 25 ಹರ್ಟ್ಸ್ ವ್ಯತ್ಯಾಸ. ಈ 25 ಅನ್ನು ನೆನಪಿಟ್ಟುಕೊಳ್ಳಿ.

ಎರಡು ಸ್ವರಗಳು ತೀರಾ ಹತ್ತಿರವಿದ್ದರೆ ದನಿ ಏರಿಳಿಯುತ್ತದೆ. ವ್ಯತ್ಯಾಸ 3 ಹರ್ಟ್ಸ್ ಇದ್ದರೆ ಸೆಕೆಂಡಿಗೆ ಮೂರು ಬಾರಿ ತೂಗುತ್ತದೆ. ಇದಕ್ಕೆ ಬೀಟ್ಸ್ ಅನ್ನುತ್ತಾರೆ. ವ್ಯತ್ಯಾಸ ಜಾಸ್ತಿಯಾದ ಹಾಗೆ ತೂಗಾಟವನ್ನು ಎಣಿಸಲು ಆಗುವುದಿಲ್ಲ. ಅದು ಒರಟು ಗರಗರ ಆಗುತ್ತದೆ. ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ 1863ರಲ್ಲೇ ಇದನ್ನು ಹಿಡಿದಿದ್ದ. ಕೇಳಲು ಅಹಿತವಾದ ಸ್ವರಜೋಡಿ ಅಂದರೆ ಈ ಗರಗರವೇ ಅನ್ನುವುದು ಆತನ ವಾದ. ಸೆಕೆಂಡಿಗೆ 33ರ ಆಸುಪಾಸಿನ ಬೀಟ್ಸ್ ಅತಿ ಒರಟು ಎಂದಿದ್ದ. ಆತ ಕಣ್ಣಿನ ವೈದ್ಯರು ಬಳಸುವ ಆಪ್ತಾಲ್ಮೊಸ್ಕೋಪನ್ನೂ ಕಂಡುಹಿಡಿದವನು. ಆ ಕಾಲದವರಿಗೆ ಒಂದೇ ಕಸುಬು ಸಾಕಾಗುತ್ತಿರಲಿಲ್ಲ, ಬಿಡಿ.

1965ರಲ್ಲಿ ಪ್ಲೋಂಪ್ ಮತ್ತು ಲೆವೆಲ್ಟ್ ಎಂಬ ನೆದರ್‌ಲ್ಯಾಂಡ್ಸ್‌ನ ಇಬ್ಬರು ಈ ವಿಚಾರವನ್ನು ಇನ್ನೂ ಬಿಗಿ ಮಾಡಿದರು. ಒಳಕಿವಿಯ ಸುರುಳಿಯಲ್ಲಿರುವ ಪೊರೆಯ ಒಂದೊಂದು ಜಾಗ ಒಂದೊಂದು ಕಂಪನಕ್ಕೆ ಕುಣಿಯುತ್ತದೆ. ಆದರೆ ಆ ಜಾಗಗಳಿಗೆ ಅಗಲವಿದೆ. ಎರಡು ಸ್ವರಗಳು ಒಂದೇ ಅಗಲದೊಳಗೆ ಬಿದ್ದರೆ ಕಿವಿ ಅವನ್ನು ಪೂರ್ತಿ ಬಿಡಿಸಿ ಕೇಳಲಾರದು. ಅಗಲದ ಸುಮಾರು ಕಾಲು ಭಾಗದಷ್ಟು ದೂರದಲ್ಲಿದ್ದರೆ ಒರಟುತನ ಅತಿ ಹೆಚ್ಚು. ಅವರ ಲೆಕ್ಕದಲ್ಲಿ ಮಂದ್ರದ ಕಡೆ ಈ ಅಗಲ ಹತ್ತಿರ ಹತ್ತಿರ 100 ಹರ್ಟ್ಸ್. ಅದರ ಕಾಲು ಭಾಗ ಎಷ್ಟು? 25! ಡೋಬ್ರೊದ ಆರನೇ ಮತ್ತು ಐದನೇ ತಂತಿ ಸರಿಯಾಗಿ ಆ ಗುಂಡಿಯೊಳಗೇ ಕೂತಿವೆ. ಅದೇ ಸ-ಗ ಜೋಡಿ ಮೂರನೇ ಮತ್ತು ಎರಡನೇ ತಂತಿಯಲ್ಲಿ ಇಂಪಾಗಿ ಕೇಳುತ್ತದೆ. ಅಲ್ಲಿ ವ್ಯತ್ಯಾಸ 51 ಹರ್ಟ್ಸ್, ಅಂದರೆ ಗುಂಡಿ ದಾಟಿ ಆಗಿದೆ. ಒಂದೇ ಅಂತರ ಮೇಲೆ ಸಿಹಿ, ಕೆಳಗೆ ಕೆಸರು. ಲ್ಯಾಪ್ ಸ್ಟೀಲ್‌ನಲ್ಲೂ ಜಿ ಟ್ಯೂನಿಂಗೇ ಇರಲಿ ಅನ್ನುವವರಿಗೆ ನನ್ನ ತಕರಾರು ಇದೊಂದೇ.

ಓಪನ್ ಇ ನೋಡಿ: ಇ, ಬಿ, ಇ, ಜಿ ಶಾರ್ಪ್, ಬಿ, ಇ. ಸ್ವರ ಹಾಡಿಕೊಂಡರೆ ಸ ಪ ಸ ಗ ಪ ಸ. ಮಂದ್ರದಲ್ಲಿ ಗ ಇಲ್ಲ. ಕೆಳಗಿನ ಜೋಡಿ 82.4 ಮತ್ತು 123.5 ಹರ್ಟ್ಸ್, ವ್ಯತ್ಯಾಸ 41. ಡೋಬ್ರೊದವರಿಗೆ ಇಲ್ಲೊಂದು ಬೋನಸ್ ಇದೆ. ನಿಮ್ಮ ಕೈಗೆ ರೂಢಿಯಾದ ಮೇಲಿನ ಮೂರು ತಂತಿಗಳ ಸ ಗ ಪ ಇಲ್ಲಿ ನಾಲ್ಕು, ಮೂರು, ಎರಡನೇ ತಂತಿಗಳಲ್ಲಿ ಹಾಗೇ ಇದೆ. ಬಲಗೈಯನ್ನು ಒಂದು ತಂತಿ ಒಳಗೆ ಸರಿಸಿದರೆ ಹಳೆಯ ನುಡಿತಗಳೆಲ್ಲ ಬೇರೆ ಶ್ರುತಿಯಲ್ಲಿ ಹಾಗೇ ಬರುತ್ತವೆ. ಮೇಲೆ ಒಂದು ತಾರ ಸ ಬಿಟ್ಟಿ. ಓಪನ್ ಡಿ ಅಂದರೆ ಇದೇ, ಎರಡು ಫ್ರೆಟ್ ಕೆಳಗೆ.

ಸಿ6 ಬೇರೆಯೇ ಪ್ರಪಂಚ. ಸಿ, ಇ, ಜಿ, ಎ, ಸಿ, ಇ. ಅಂದರೆ ಸ ಗ ಪ ದ ಸ ಗ. ಮೋಹನದ ಐದು ಸ್ವರಗಳಲ್ಲಿ ನಾಲ್ಕು ಖಾಲಿ ತಂತಿಯಲ್ಲೇ ಸಿಗುತ್ತವೆ. ಡೋಬ್ರೊ ಅಭ್ಯಾಸದಂತೆ ಮೇಲಿನ ಮೂರು ತಂತಿ ಮೀಟಿದರೆ ಮಾತ್ರ ಬೆಚ್ಚಿಬೀಳುತ್ತೀರಿ. ಎ, ಸಿ, ಇ: ಅದು ಎ ಮೈನರ್, ಗ ಅರ್ಧ ಸ್ವರ ಇಳಿದ ಕಾರ್ಡ್! ಮೇಜರ್ ಬೇಕಾದರೆ ಹೆಬ್ಬೆರಳು ನಾಲ್ಕನೇ ತಂತಿಯಲ್ಲಿ, ಉಳಿದೆರಡು ಬೆರಳು ಎರಡು ಮತ್ತು ಒಂದರಲ್ಲಿ. ಮೂರನೇ ತಂತಿಯನ್ನು ಹಾರಿಸಬೇಕು, ಜೊತೆಗೆ ಅದು ಸದ್ದು ಮಾಡದಂತೆ ಅಂಗೈಯಿಂದ ಒತ್ತಬೇಕು. ಬಾರ್ ಒಂದೇ ಕಡೆ ನಿಂತಿದ್ದರೂ ಮೇಜರ್, ಮೈನರ್ ಎರಡೂ ಸಿಗುತ್ತವೆ. ನೆಟ್ಟಗಿನ ಬಾರಿನ ಕಟ್ಟುಪಾಡನ್ನು ಇಷ್ಟು ಜಾಣತನದಿಂದ ತಪ್ಪಿಸಿಕೊಂಡ ಟ್ಯೂನಿಂಗ್ ಇನ್ನೊಂದಿಲ್ಲ ಅಂತ ನನಗನಿಸುತ್ತದೆ.

ಆದರೆ ಇಲ್ಲೂ ಗುಂಡಿ ಇದೆ. ಜಿ 196 ಹರ್ಟ್ಸ್, ಪಕ್ಕದ ಎ 220. ವ್ಯತ್ಯಾಸ 24. ಎರಡನ್ನೂ ಒಟ್ಟಿಗೆ ಬಿಟ್ಟರೆ ಗರಗರ. ಸ್ವಚ್ಛ ದನಿಯಲ್ಲಿ ಆ ಒರಟುತನವೇ ಸಿ6ಗೆ ಒಂದು ರುಚಿ ಕೊಡುತ್ತದೆ, ಸುಳ್ಳು ಹೇಳಬಾರದು. ದನಿಯನ್ನು ಒಡೆದು ಒರಟು ಮಾಡುವ ಡಿಸ್ಟಾರ್ಷನ್ ಹಾಕಿದಾಗ ಮಾತ್ರ ಕೆಡುತ್ತದೆ. ಮಿತಿ ಮೀರಿ ದುಡಿಯುವ ಆಂಪ್ಲಿಫೈಯರ್ ತನಗೆ ಕೊಟ್ಟ ಎರಡು ಸ್ವರಗಳ ಜೊತೆ ಅವುಗಳ ವ್ಯತ್ಯಾಸದ ಸ್ವರವನ್ನೂ ಹುಟ್ಟಿಸುತ್ತದೆ. ಓಪನ್ ಇಯ ಕೆಳಗಿನ ಜೋಡಿಯಿಂದ ಹುಟ್ಟುವ 41 ಹರ್ಟ್ಸ್ ಏನು? ಇನ್ನೊಂದು ಇ, ಒಂದು ಸ್ಥಾಯಿ ಕೆಳಗೆ. ಕಾರ್ಡ್ ಇನ್ನಷ್ಟು ದಪ್ಪವಾಗುತ್ತದೆ. ಸಿ6ನ ಎ ಮತ್ತು ಸಿ ಜೋಡಿಯನ್ನು ಸುಸ್ವರವಾಗಿ ಕೂರಿಸಿದಾಗ ಹುಟ್ಟುವುದು 43.6 ಹರ್ಟ್ಸ್. ಅದು ಎಫ್. ಕಾರ್ಡಿನಲ್ಲಿ ಇಲ್ಲವೇ ಇಲ್ಲದ ಸ್ವರ, ಕರೆಯದೆ ಬಂದು ಕೆಳಗೆ ಗುಂಯ್‌ಗುಡುತ್ತದೆ. ರಾಕ್ ನುಡಿಸುವವರು ಓಪನ್ ಇ ಹಿಡಿದದ್ದಕ್ಕೆ ಇಂಥ ಕಾರಣವಿದೆ, ಸುಮ್ನೆ ಸಂಪ್ರದಾಯ ಅಲ್ಲ.

ಇನ್ನು ತಂತಿಯ ಉದ್ದ. ಡೋಬ್ರೊದಲ್ಲಿ ಸಾಮಾನ್ಯವಾಗಿ 25 ಇಂಚಿನ ಆಸುಪಾಸು. ಅನೇಕ ಲ್ಯಾಪ್ ಸ್ಟೀಲ್‌ಗಳಲ್ಲಿ 22.5 ಇಂಚು. ಫ್ರೈಯಿಂಗ್ ಪ್ಯಾನ್ ಕೂಡ ಎ-22, ಎ-25 ಎಂದು ಈ ಎರಡೂ ಅಳತೆಯಲ್ಲಿ ಬಂದಿತ್ತು. ಒಂದೇ ತಂತಿಯನ್ನು ಒಂದೇ ಸ್ವರಕ್ಕೆ ಗಿಡ್ಡ ವಾದ್ಯದಲ್ಲಿ ಕಟ್ಟಿದರೆ ಬಿಗಿತ ಶೇಕಡಾ 19ರಷ್ಟು ಕಮ್ಮಿ, ಯಾಕೆಂದರೆ ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಹಾಗೆ ಸಡಿಲವಾದರೆ ಬಾರ್ ಇಟ್ಟಾಗ ತಂತಿ ಕೆಳಕ್ಕೆ ಬಾಗುತ್ತದೆ. ಡೋಬ್ರೊ ತಂತಿಗಳನ್ನೇ ಹಾಕಿ ಎರಡು ಫ್ರೆಟ್ ಏರಿಸಿ ನೋಡಿ: ಬಿಗಿತ ಡೋಬ್ರೊದ್ದಕ್ಕಿಂತ ಶೇಕಡಾ 2ರಷ್ಟು ಮಾತ್ರ ಹೆಚ್ಚು. ಹಾಗೆ ಏರಿಸಿದ ಜಿ ಯಾವುದು? ಅದೇ ಹಳೆಯ ಹೈ ಬಾಸ್ ಎ. ಮಂದ್ರದ ಕೆಸರು ನಿಮಗೆ ಲೆಕ್ಕಕ್ಕಿಲ್ಲ ಅಂದರೆ ಜಿ ಬಿಟ್ಟು ಈ ಎ ಹಿಡಿಯಿರಿ.

ತಂತಿ ಹರಿಯುವ ಬಗ್ಗೆಯೂ ಒಂದು ತಪ್ಪು ಕಲ್ಪನೆ ಓಡಾಡುತ್ತಿದೆ. ದಪ್ಪ ತಂತಿ ಗಟ್ಟಿ, ಜಾಸ್ತಿ ಏರಿಸಬಹುದು ಅಂತ. ಸುತ್ತಿಲ್ಲದ ಬರಿಯ ಉಕ್ಕಿನ ತಂತಿಗೆ ಈ ಮಾತು ಸಲ್ಲದು. ದಪ್ಪ ಹೆಚ್ಚಿದರೆ ಶಕ್ತಿ ಹೆಚ್ಚುತ್ತದೆ, ನಿಜ. ಅಷ್ಟೇ ಪ್ರಮಾಣದಲ್ಲಿ ತೂಕವೂ ಹೆಚ್ಚಿ, ಅದೇ ಸ್ವರಕ್ಕೆ ಅಷ್ಟೇ ಹೆಚ್ಚು ಬಿಗಿತ ಬೇಕಾಗುತ್ತದೆ. ಒಂದೇ ಉಕ್ಕು, ಒಂದೇ ಉದ್ದ ಆದರೆ ದಪ್ಪದ್ದೂ ತೆಳುವಾದದ್ದೂ ಹೆಚ್ಚುಕಮ್ಮಿ ಒಂದೇ ಸ್ವರದಲ್ಲಿ ಹರಿಯುತ್ತವೆ. ಸುತ್ತಿದ ತಂತಿಯಲ್ಲಿ ಸುತ್ತು ಬರೀ ತೂಕ, ಭಾರ ಹೊರುವುದು ಒಳಗಿನ ಎಳೆ ಮಾತ್ರ. ಹಾಗಾಗಿ ಅವು ಇನ್ನೂ ಬೇಗ ಹರಿಯುತ್ತವೆ. ಡೋಬ್ರೊ ತಂತಿಗಳಲ್ಲೇ ಸಿ6ಗೆ ಹೋಗಲು ಕೆಳಗಿನ ಮೂರನ್ನು ಐದೈದು ಫ್ರೆಟ್ ಏರಿಸಬೇಕು. ಗಿಡ್ಡ ವಾದ್ಯದಲ್ಲೂ ಬಿಗಿತ ಶೇಕಡಾ 44ರಷ್ಟು ಹೆಚ್ಚುತ್ತದೆ. ಬೇಡ. ಸಿ6 ಸೆಟ್ ಬೇರೆಯೇ ತನ್ನಿ. ಓಪನ್ ಇಗಾದರೆ ಯಾವುದನ್ನೂ ಎರಡು ಫ್ರೆಟ್‌ಗಿಂತ ಮೇಲೆ ಏರಿಸಬೇಕಿಲ್ಲ. ಆರನೆಯದು ಮಾತ್ರ ಮೂರು ಫ್ರೆಟ್ ಇಳಿದು ಜೋತುಬೀಳುತ್ತದೆ. ಅದೊಂದನ್ನು ದಪ್ಪದ್ದಕ್ಕೆ ಬದಲಿಸಿದರಾಯಿತು.

ಎ ಸ್ವರವನ್ನು 440ರ ಬದಲು 432 ಹರ್ಟ್ಸ್‌ಗೆ ಇಳಿಸಿದರೆ ಬ್ರಹ್ಮಾಂಡದ ಜೊತೆ ತಾಳ ಕೂಡುತ್ತದೆ ಅನ್ನುವವರು ಇಲ್ಲೂ ಸಿಗುತ್ತಾರೆ. ಹರ್ಟ್ಸ್ ಅಂದರೆ ಸೆಕೆಂಡಿಗೆ ಇಷ್ಟು ಕಂಪನ, ಸೆಕೆಂಡು ಮನುಷ್ಯ ಮಾಡಿಕೊಂಡ ಅಳತೆ. ಬ್ರಹ್ಮಾಂಡಕ್ಕೆ ಅದರ ಹಂಗಿಲ್ಲ. ಬಿಗಿತ ಶೇಕಡಾ 3.6ರಷ್ಟು ಇಳಿಯುತ್ತದೆ, ಅಷ್ಟೇ.

ನನ್ನ ಮತ ಓಪನ್ ಇಗೆ. ವಾದ್ಯ ಉದ್ದದ್ದಾದರೆ ಓಪನ್ ಡಿ. ಮೈನರ್ ಕಾರ್ಡಿನ ಹಸಿವು ತಡೆಯಲಾಗದೆ ಹೋದಾಗ ಸಿ6, ಅದೂ ಡಿಸ್ಟಾರ್ಷನ್ ಇಲ್ಲದೆ. ಯಾವುದಕ್ಕೆ ಹೋದರೂ ಶ್ರುತಿ ತೋರಿಸುವ ಉಪಕರಣ ಟ್ಯೂನರ್ ತೋರಿಸಿದ ಜಾಗದಲ್ಲಿ ಗ ತಂತಿಯನ್ನು ಬಿಡಬೇಡಿ. ಓಪನ್ ಇಯಲ್ಲಿ ನಾಲ್ಕನೇ ತಂತಿಯನ್ನು ನಾಲ್ಕನೇ ಫ್ರೆಟ್ ಗೆರೆಯ ಕೊಂಚ ಹಿಂದೆ ಬೆರಳಿನಿಂದ ಸೋಕಿ ಮೀಟಿ. ಮೂರನೆಯದನ್ನು ಐದನೇ ಗೆರೆಯ ಮೇಲೆ ಸೋಕಿ ಮೀಟಿ. ಎರಡರಿಂದಲೂ ಒಂದೇ ಎತ್ತರದ ಗಂಟೆಯಂಥ ಸ್ವರ ಬರಬೇಕು. ಟ್ಯೂನರ್ ಮಾತು ಕೇಳಿದ್ದರೆ ಬರುವುದಿಲ್ಲ: 824 ಮತ್ತು 831 ಹರ್ಟ್ಸ್, ಸೆಕೆಂಡಿಗೆ ಆರೇಳು ತೂಗಾಟ. ಮೂರನೇ ತಂತಿಯನ್ನು ತೂಗಾಟ ನಿಲ್ಲುವ ತನಕ ನಿಧಾನವಾಗಿ ಇಳಿಸಿ. ಆಗ ಟ್ಯೂನರ್‌ನ ಮುಳ್ಳು ಸೊನ್ನೆಗಿಂತ 14 ಸೆಂಟ್ ಕೆಳಗೆ ನಿಂತಿರುತ್ತದೆ. ಸೆಂಟ್ ಅಂದರೆ ಅರ್ಧ ಸ್ವರದ ನೂರರಲ್ಲೊಂದು ಪಾಲು. ಉಬ್ಬಿದ ಫ್ರೆಟ್‌ಗಳಿಲ್ಲದ ವಾದ್ಯ ಇದು, ಹಾಗಾಗಿ ಬಾರನ್ನು ಎಲ್ಲಿಗೆ ಸರಿಸಿದರೂ ಆ ಇಂಪು ಕೆಡುವುದಿಲ್ಲ. ಜೊತೆಯಲ್ಲಿ ಕೀಬೋರ್ಡ್ ನುಡಿಸುವವರಿದ್ದರೆ ಮಾತ್ರ ಪೂರ್ತಿ ಇಳಿಸದೆ ಏಳೆಂಟು ಸೆಂಟ್‌ಗೆ ನಿಲ್ಲಿಸಿ. ಅವರು ತಮ್ಮ ಗ ಇಳಿಸಲಾರರು.