ನನ್ನ ತಮ್ಮನಿಗೆ ಹಿಮೋಫಿಲಿಯಾ ಇದೆ, ನನ್ನ ಮಕ್ಕಳಿಗೂ ಬರುತ್ತಾ?

ಪ್ರಶ್ನೆ: ನಮ್ಮದು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ. ನನ್ನ ತಮ್ಮನಿಗೆ ಹುಟ್ಟಿನಿಂದಲೇ ಹಿಮೋಫಿಲಿಯಾ ಎ ಇದೆ. ಅಮ್ಮನ ಅಣ್ಣ ಒಬ್ಬರು ಸಣ್ಣವರಿದ್ದಾಗ ಹಲ್ಲು ಕೀಳಿಸಿ, ರಕ್ತ ನಿಲ್ಲದೆ ತೀರಿಕೊಂಡರಂತೆ. ಈಗ ನನಗೆ ಗಂಡು ನೋಡುತ್ತಿದ್ದಾರೆ. ನನಗೇನೂ ತೊಂದರೆ ಇಲ್ಲ. ಆದರೆ ನನ್ನ ಮಕ್ಕಳಿಗೆ ಬರುತ್ತಾ? ಗಂಡಿನ ಕಡೆಯವರಿಗೆ ಹೇಳಬೇಕಾ? ಮನೆಯಲ್ಲಿ ಬಾಯಿ ಬಿಡಬೇಡ ಅಂತಾರೆ.

ಉತ್ತರ: ಬರಬಹುದು, ಬರದೆಯೂ ಇರಬಹುದು. ಎರಡರಲ್ಲಿ ಯಾವುದು ಅಂತ ಮದುವೆಗೆ ಮುಂಚೆಯೇ ತಿಳಿದುಕೊಳ್ಳುವ ದಾರಿ ಇದೆ. ಹಿಮೋಫಿಲಿಯಾ ಇರುವ ಮನೆಯ ಹೆಣ್ಣುಮಕ್ಕಳೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳುತ್ತಾರೆ. ಜಾಸ್ತಿ ಸಲ ಮೆಲ್ಲಗೆ, ಅಪ್ಪ ಅಮ್ಮ ಪಕ್ಕದಲ್ಲಿ ಇಲ್ಲದಾಗ. ನೀವು ನೇರವಾಗಿ ಕೇಳಿದ್ದು ಒಳ್ಳೆಯದಾಯಿತು.

ಹಿಮೋಫಿಲಿಯಾ ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳಿಗೆ ಫ್ಯಾಕ್ಟರ್ ಅನ್ನುತ್ತಾರೆ. 8ನೇ ಫ್ಯಾಕ್ಟರ್ ಕೊರತೆ ಇದ್ದರೆ ಹಿಮೋಫಿಲಿಯಾ ಎ, 9ನೇದರ ಕೊರತೆ ಇದ್ದರೆ ಬಿ. ಇವನ್ನು ಮಾಡಿಸುವ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹೆಣ್ಣಿಗೆ ಎರಡು ಎಕ್ಸ್, ಒಂದರಲ್ಲಿ ದೋಷ ಇದ್ದರೂ ಇನ್ನೊಂದು ಸಾಮಾನ್ಯವಾಗಿ ಕೆಲಸ ನಡೆಸುತ್ತದೆ. ಗಂಡಿಗೆ ಇರುವುದೇ ಒಂದು ಎಕ್ಸ್, ಅದು ಬರುವುದು ಅಮ್ಮನಿಂದ. ಅದಕ್ಕೇ ಕಾಯಿಲೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ಗಂಡುಮಕ್ಕಳಲ್ಲಿ, ಹೊತ್ತು ಸಾಗಿಸುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಅವರನ್ನು ಕ್ಯಾರಿಯರ್ ಅನ್ನುತ್ತಾರೆ.

ನಿಮ್ಮ ಸೋದರಮಾವನಿಗೂ ಇದೇ ಇದ್ದಿದ್ದರೆ ನಿಮ್ಮ ಅಮ್ಮ ಕ್ಯಾರಿಯರ್ ಅನ್ನುವುದು ಖಚಿತ. ಆಗ ನೀವು ಕ್ಯಾರಿಯರ್ ಆಗಿರುವ ಸಾಧ್ಯತೆ ಅರ್ಧಕ್ಕರ್ಧ. ಆಗಿದ್ದರೆ, ಹುಟ್ಟುವ ಪ್ರತಿ ಮಗನಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧ, ಪ್ರತಿ ಮಗಳೂ ಕ್ಯಾರಿಯರ್ ಆಗುವ ಸಾಧ್ಯತೆ ಅರ್ಧ. ಮೊದಲ ಮಗನಿಗೆ ಬಂತು, ಎರಡನೆಯವನು ಪಾರು ಅನ್ನುವ ಹಾಗಿಲ್ಲ. ಪ್ರತಿ ಬಸಿರಿಗೂ ಲೆಕ್ಕ ಹೊಸದು. ನೀವು ಕ್ಯಾರಿಯರ್ ಅಲ್ಲದಿದ್ದರೆ, ಆ ದೋಷ ನಿಮ್ಮಿಂದ ಮುಂದೆ ಹೋಗುವುದಿಲ್ಲ.

ಇಷ್ಟು ಕೇಳಿದ ಕೂಡಲೇ ಕೆಲವು ಮನೆಗಳಲ್ಲಿ "ಸೊಸೆ ತವರಿಂದ ತಂದಳು" ಅನ್ನುವ ಮಾತು ಶುರುವಾಗುತ್ತದೆ. ಇದು ಅನ್ಯಾಯ. ಯಾವ ತಾಯಿಯೂ ಆರಿಸಿ ಕೊಟ್ಟಿದ್ದಲ್ಲ. ಹಿಮೋಫಿಲಿಯಾ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರ ಮನೆತನದಲ್ಲಿ ಹಿಂದೆ ಯಾರಿಗೂ ಇರುವುದಿಲ್ಲ, ಜೀನಿನಲ್ಲಿ ಹೊಸದಾಗಿ ಆದ ಬದಲಾವಣೆಯಿಂದ ಬಂದಿರುತ್ತದೆ.

ಪರೀಕ್ಷೆಯ ವಿಷಯದಲ್ಲಿ ಹುಷಾರಾಗಿರಬೇಕು. ಬರೀ ಫ್ಯಾಕ್ಟರ್ ಮಟ್ಟ ನೋಡಿ "ನಾರ್ಮಲ್ ಇದೆ, ನಿಮಗೇನಿಲ್ಲ" ಅಂದರೆ ಅಲ್ಲಿಗೇ ಬಿಡಬೇಡಿ. ಎಷ್ಟೋ ಕ್ಯಾರಿಯರ್‌ಗಳಲ್ಲಿ ಮಟ್ಟ ಸರಿಯಾಗಿಯೇ ಇರುತ್ತದೆ. ಖಚಿತವಾಗಿ ಹೇಳುವುದು ಜೀನ್ ಪರೀಕ್ಷೆ. ಅದು ಶುರುವಾಗುವುದು ನಿಮ್ಮ ತಮ್ಮನ ರಕ್ತದಿಂದ. ಅವನ ಜೀನಿನಲ್ಲಿ ದೋಷ ಎಲ್ಲಿದೆ ಅಂತ ಮೊದಲು ಹುಡುಕಿ, ಅದೇ ಜಾಗವನ್ನು ನಿಮ್ಮಲ್ಲಿ ನೋಡುತ್ತಾರೆ.

ಹಾಗಂತ ಫ್ಯಾಕ್ಟರ್ ಮಟ್ಟದ ಪರೀಕ್ಷೆ ಬೇಡ ಅಂತಲ್ಲ. ಅದು ಮಕ್ಕಳಿಗಲ್ಲ, ನಿಮಗಾಗಿ. ನನಗೇನೂ ತೊಂದರೆ ಇಲ್ಲ ಅಂದಿದ್ದೀರಿ. ಮುಟ್ಟು ಏಳು ದಿನಕ್ಕಿಂತ ಜಾಸ್ತಿ ಹೋಗುತ್ತದಾ? ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾ? ಸುಮ್ನೆ ತಾಗಿದರೂ ಮೈಮೇಲೆ ಕಪ್ಪು ಕಲೆ ಏಳುತ್ತದಾ? ಕೆಲವು ಕ್ಯಾರಿಯರ್‌ಗಳಿಗೆ ಫ್ಯಾಕ್ಟರ್ ಶೇ 40ಕ್ಕಿಂತ ಕಡಿಮೆ ಇರುತ್ತದೆ, ಅಂದರೆ ಅವರಿಗೂ ಸೌಮ್ಯ ಹಿಮೋಫಿಲಿಯಾ ಇದೆ ಅಂತಲೇ ಅರ್ಥ. "ನಮ್ಮ ಮನೆ ಹೆಂಗಸರಿಗೆಲ್ಲ ಹೀಗೇ" ಅಂತ ವರ್ಷಗಟ್ಟಲೆ ರಕ್ತಹೀನತೆಯಲ್ಲೇ ದುಡಿದವರು ಬೇಕಾದಷ್ಟು ಜನ ಇದ್ದಾರೆ.

ಇದಕ್ಕೆ ನೀವು ಬೆಂಗಳೂರು ಅಂತ ಹೆದರಬೇಕಿಲ್ಲ. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರುವುದು ದಾವಣಗೆರೆಯಲ್ಲೇ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿ ಪೆಥಾಲಜಿ ಕಲಿಸಿದವರು, ಸ್ವತಃ ಹಿಮೋಫಿಲಿಯಾ ಜೊತೆ ಬದುಕಿದವರು. ಯಾವ ಪರೀಕ್ಷೆ, ಎಲ್ಲಿ, ಹೇಗೆ ಅಂತ ಮೊದಲು ಅಲ್ಲಿ ಕೇಳಿ.

ಇನ್ನು ಹೇಳಬೇಕಾ ಬೇಡವಾ ಅನ್ನುವುದು. ನನ್ನ ಮಾತು ಕೇಳುವುದಾದರೆ, ಹೇಳಿ. ಪರೀಕ್ಷೆಯ ಫಲಿತಾಂಶ ಕೈಗೆ ಬಂದ ಮೇಲೆ, ನಿಶ್ಚಿತಾರ್ಥಕ್ಕೆ ಮುಂಚೆ, ದಲ್ಲಾಳಿ ಮೂಲಕ ಅಲ್ಲ, ನೀವೇ ಹುಡುಗನಿಗೆ ಹೇಳಿ. ಮುಚ್ಚಿಟ್ಟು ಮದುವೆಯಾಗಿ, ಮಗು ಅಂಬೆಗಾಲಿಡುವಾಗ ಮಂಡಿ ಊದಿಕೊಂಡ ದಿನ ಮಾತು ಹೊರಗೆ ಬಂದರೆ, ಅದನ್ನು ಒಬ್ಬರೇ ಹೊರಬೇಕಾದವರು ನೀವು. ಕೇಳಿದ ಮೇಲೆ ಹಿಂದೆ ಸರಿಯುವ ಸಂಬಂಧ ಮೊದಲೇ ಹೋಗುವುದು ವಾಸಿ.

ಹೇಳುವಾಗ ಸೋದರಮಾವನ ಕಾಲದ ಕಥೆಯಷ್ಟನ್ನೇ ಹೇಳಬೇಡಿ, ತಮ್ಮನದನ್ನೂ ಹೇಳಿ. ಮಂಡಿಯೊಳಗೆ ಜುಮ್ಮೆಂದರೆ ಸಾಕು, ಒಳಗೆ ರಕ್ತ ಸೋರುತ್ತಿದೆ ಅಂತ ಊತ ಕಾಣುವ ಮೊದಲೇ ಇಂತಹ ಹುಡುಗರಿಗೆ ಗೊತ್ತಾಗುತ್ತದೆ. ಫ್ರಿಜ್ಜಿನಿಂದ ಫ್ಯಾಕ್ಟರ್ ಸೀಸೆ ತೆಗೆದು, ಪುಡಿಗೆ ನೀರು ಸೇರಿಸಿ, ಕುಲುಕದೆ ಮೆಲ್ಲಗೆ ಆಡಿಸಿ ಕರಗಿಸಿ, ತಾವೇ ನರಕ್ಕೆ ಚುಚ್ಚಿಕೊಳ್ಳುವವರಿದ್ದಾರೆ. ಆ ಹೊತ್ತಿಗೆ ಎಣ್ಣೆ ಹಚ್ಚಿ ನೀವಿಸುವುದು, ಉಳುಕು ತೆಗೆಸುವುದು ಮಾಡಿದರೆ ಒಳಗೆ ರಕ್ತ ಇನ್ನೂ ಸೋರುತ್ತದೆ. ಐಸ್ ಇಟ್ಟು, ಕಾಲಿಗೆ ವಿಶ್ರಾಂತಿ ಕೊಟ್ಟು, ಬೇಗ ಫ್ಯಾಕ್ಟರ್ ಕೊಡಬೇಕು. ನೋವಿಗೆ ಆಸ್ಪಿರಿನ್ ಕೊಡಲೇಬಾರದು. ರಕ್ತ ಸೋರುವ ಮೊದಲೇ ನಿಯಮಿತವಾಗಿ ಫ್ಯಾಕ್ಟರ್ ಕೊಡುವ ಪದ್ಧತಿ ಇದೆ, ಹಿಮೋಫಿಲಿಯಾ ಎ ಇರುವವರಿಗೆ ಚರ್ಮದಡಿ ಚುಚ್ಚುವ ಎಮಿಸಿಜುಮ್ಯಾಬ್ ಔಷಧವೂ ಬಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾ ಸೇರಿದೆ.

ನಮ್ಮ ಕಡೆ ಸಂಬಂಧದಲ್ಲೇ ಕೊಟ್ಟು ತರುವುದು ಜಾಸ್ತಿ ಅಲ್ವಾ, ಅದಕ್ಕೇ ಒಂದು ಎಚ್ಚರಿಕೆ. ರಕ್ತಸಂಬಂಧದ ಮದುವೆಯಿಂದ ಹಿಮೋಫಿಲಿಯಾ ಹುಟ್ಟುವುದಿಲ್ಲ. ಆದರೆ ಕ್ಯಾರಿಯರ್ ಹುಡುಗಿಯನ್ನು ಹಿಮೋಫಿಲಿಯಾ ಇರುವ ಸೋದರಮಾವನಿಗೆ ಕೊಟ್ಟರೆ ಹೆಣ್ಣುಮಕ್ಕಳಿಗೂ ಪೂರ್ತಿ ಕಾಯಿಲೆ ಬರಬಹುದು. ವಂಶದಲ್ಲಿ ಬರುವ ಇನ್ನೊಂದು ರಕ್ತದ ಕಾಯಿಲೆ ಥಲಸ್ಸೇಮಿಯಾದ ಲೆಕ್ಕ ಬೇರೆ: ಅಲ್ಲಿ ಗಂಡ ಹೆಂಡತಿ ಇಬ್ಬರೂ ಕ್ಯಾರಿಯರ್ ಆದರೆ ಮಾತ್ರ ಮಗುವಿಗೆ ತೊಂದರೆ, ಸಂಬಂಧದಲ್ಲಿ ಮದುವೆಯಾದರೆ ಆ ಸಾಧ್ಯತೆ ಹೆಚ್ಚು.

ನೀವು ಕ್ಯಾರಿಯರ್ ಅಂತ ಗೊತ್ತಾದರೆ, ಬಸಿರಾದ ಕೂಡಲೇ ಡಾಕ್ಟರಿಗೆ ತಿಳಿಸಿ. ಹೆರಿಗೆಯಲ್ಲಿ ಮಗುವಿನ ತಲೆಗೆ ವ್ಯಾಕ್ಯೂಮ್, ಇಕ್ಕಳ ಹಾಕದ ಹಾಗೆ ಮುಂಚೆಯೇ ಯೋಚಿಸಬೇಕು. ಗರ್ಭದಲ್ಲೇ ಪರೀಕ್ಷೆ ಮಾಡಿಸಲೂ ಅವಕಾಶ ಇದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯೇ ಇಂತಹ ಕಾಯಿಲೆಗಳ ಪರೀಕ್ಷೆಗೆ ನೋಂದಾಯಿತ ಕೇಂದ್ರಗಳಲ್ಲಿ ಅನುಮತಿ ಕೊಡುತ್ತದೆ. ಮಾಡಿಸುವುದು ಬಿಡುವುದು ನಿಮ್ಮಿಬ್ಬರ ತೀರ್ಮಾನ, ಅತ್ತೆ ಮಾವಂದಿರದ್ದಲ್ಲ.

ದಾವಣಗೆರೆಗೆ ಹೋಗುವಾಗ ತಮ್ಮನನ್ನು ಕರೆದುಕೊಂಡು ಹೋಗಿ, ಅವನ ಹಳೆಯ ರಿಪೋರ್ಟುಗಳನ್ನೂ ತೆಗೆದುಕೊಳ್ಳಿ. ಅಮ್ಮನೂ ಬರಲಿ. ಇಷ್ಟು ವರ್ಷದಲ್ಲಿ ಅವರ ಫ್ಯಾಕ್ಟರ್ ಮಟ್ಟವನ್ನು ಯಾರೂ ನೋಡಿರಲಿಕ್ಕಿಲ್ಲ.