ಕ್ರೂಸ್ ಲೈಟ್ ಬರುತ್ತದೆ, ಸ್ಪೀಡ್ ಹಿಡಿಯುವುದಿಲ್ಲ: ಸ್ಟೀರಿಂಗ್ ಸ್ವಿಚ್ ಬದಲಾಯಿಸಬೇಕಾ?

ಓದುಗರ ಪ್ರಶ್ನೆ: ಬ್ರಹ್ಮಾವರದಿಂದ ಮಂಗಳೂರಿಗೆ ದಿನಾ ಕಾರಲ್ಲಿ ಹೋಗಿ ಬರುತ್ತೇನೆ. ಮ್ಯಾನುವಲ್ ಗೇರ್. ಮಳೆಗಾಲ ಶುರುವಾದ ಮೇಲೆ ಕ್ರೂಸ್ ಕಂಟ್ರೋಲ್ (ಆಕ್ಸಿಲರೇಟರ್ ತುಳಿಯದೆ ಕಾರನ್ನು ಒಂದೇ ಸ್ಪೀಡಲ್ಲಿ ಓಡಿಸುವ ವ್ಯವಸ್ಥೆ) ಕೈಕೊಟ್ಟಿದೆ. ಆನ್ ಮಾಡಿದರೆ ಮೀಟರ್‌ನಲ್ಲಿ ಲೈಟ್ ಬರುತ್ತದೆ, ಆದರೆ ಸೆಟ್ ಒತ್ತಿದರೆ ಸ್ಪೀಡ್ ಹಿಡಿಯುವುದಿಲ್ಲ. ಸ್ಟೀರಿಂಗ್ ಮೇಲಿನ ಸ್ವಿಚ್ ಪೂರ್ತಿ ಹೊಸದು ಹಾಕಬೇಕು ಅಂತ ಗ್ಯಾರೇಜಿನಲ್ಲಿ ಹೇಳಿದ್ದಾರೆ. ಹಾಕಿಸಲಾ?

ಈಗಲೇ ಬೇಡ. ಮೊದಲು ಬ್ರೇಕ್ ಲೈಟ್ ನೋಡಿ.

ಕ್ರೂಸ್‌ಗೂ ಬ್ರೇಕ್ ಲೈಟಿಗೂ ಏನು ಸಂಬಂಧ ಅಂತ ಅನ್ನಿಸಬಹುದು. ನೀವು ಸೆಟ್ ಒತ್ತಿದ ಕೂಡಲೇ ಇಂಜಿನ್ನಿನ ಕಂಪ್ಯೂಟರ್ ಸ್ಪೀಡ್ ಹಿಡಿದುಬಿಡುವುದಿಲ್ಲ. ಮೊದಲು ನಾಲ್ಕೈದು ವಿಷಯ ವಿಚಾರಿಸಿಕೊಳ್ಳುತ್ತದೆ. ಬ್ರೇಕ್ ಮೇಲೆ ಕಾಲು ಉಂಟಾ? ಕ್ಲಚ್ ಮೇಲೆ? ಗಾಡಿ ಎಷ್ಟು ಸ್ಪೀಡಲ್ಲಿ ಉಂಟು? ಇಂಜಿನ್ನಿನಲ್ಲಿ ಬೇರೆ ಏನಾದರೂ ದೋಷ ಇದೆಯಾ? ಇದರಲ್ಲಿ ಒಂದೇ ಒಂದು ಉತ್ತರ ಸರಿ ಇಲ್ಲದಿದ್ದರೂ ಸುಮ್ನೆ ಕೂತುಬಿಡುತ್ತದೆ, ಹಾಗೆ ಕೂರುವುದೇ ನಮಗೆ ಒಳ್ಳೆಯದು. ಹಾಗಾಗಿ ಕ್ರೂಸ್ ಹಿಡಿಯದ ಗಾಡಿಗಳಲ್ಲಿ ಎಷ್ಟೋ ಸಲ ಕ್ರೂಸ್ ಹಾಳಾಗಿರುವುದೇ ಇಲ್ಲ. ಯಾವುದೋ ಸಣ್ಣ ಸ್ವಿಚ್ ಅದಕ್ಕೆ ತಪ್ಪು ಸುದ್ದಿ ಮುಟ್ಟಿಸುತ್ತಾ ಇರುತ್ತದೆ.

ನನ್ನ ಕಾರಲ್ಲೇ ಆದದ್ದು ಹೇಳುತ್ತೇನೆ. ಕುಂದಾಪುರಕ್ಕೆ ಹೋಗುವಾಗ ಕ್ರೂಸ್ ಹಿಡಿಯಲಿಲ್ಲ, ಮಳೆಗೆ ಏನೋ ಆಗಿರಬೇಕು ಅಂತ ಬಿಟ್ಟುಬಿಟ್ಟೆ. ಆವತ್ತು ರಾತ್ರಿ ಪಕ್ಕದ ಮನೆಯವರು ಗೇಟಿನ ಹತ್ತಿರ ಬಂದು, "ಮಾರಾಯ್ರೇ, ನಿಮ್ಮ ಕಾರಿನ ಹಿಂದಿನ ಕೆಂಪು ಲೈಟ್ ಉರೀತಾ ಉಂಟಲ್ಲ, ಬ್ಯಾಟರಿ ಡೌನ್ ಆಗ್ತದೆ ನೋಡಿ" ಅಂದರು. ಕೀ ನನ್ನ ಜೇಬಲ್ಲಿತ್ತು. ಟಾರ್ಚ್ ಹಿಡಿದು ಪೆಡಲ್ ಕೆಳಗೆ ಬಗ್ಗಿ ನೋಡಿದರೆ, ಮ್ಯಾಟ್ ಮೇಲೆ ಬಿಸ್ಕತ್ತಿನ ಪುಡಿಯ ಹಾಗೆ ಪ್ಲಾಸ್ಟಿಕ್ ಚೂರು. ಬ್ರೇಕ್ ಪೆಡಲಿನ ತೋಳಿನಲ್ಲಿ ಒಂದು ತೂತು ಇರುತ್ತದೆ, ಅದರಲ್ಲಿ ಅಂಗಿ ಗುಂಡಿಯಷ್ಟು ದೊಡ್ಡ ಪ್ಲಾಸ್ಟಿಕ್ ಬಿರಡೆ. ಕಾಲು ತೆಗೆದಾಗ ಆ ಬಿರಡೆ ಬಂದು ಬ್ರೇಕ್ ಲೈಟಿನ ಸ್ವಿಚ್ಚಿನ ಮೂತಿಯನ್ನು ಒತ್ತಿ ಹಿಡಿಯಬೇಕು. ನನ್ನದು ಒಣಗಿ ಪುಡಿಯಾಗಿತ್ತು, ಸ್ವಿಚ್ಚಿನ ಮೂತಿ ಸೀದಾ ತೂತಿನೊಳಗೆ ಹೋಗಿ ಕೂತಿತ್ತು. ಅಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ನಾನು ದಿನದ 24 ಗಂಟೆಯೂ ಬ್ರೇಕ್ ತುಳಿದುಕೊಂಡೇ ಇದ್ದೆ. ಕ್ರೂಸ್ ಹೇಗೆ ಹಿಡಿಯಬೇಕು ಹೇಳಿ? ಆ ಬಿರಡೆ ಬದಲಾಯಿಸಲು 10 ನಿಮಿಷ ಸಾಕಾಯಿತು.

ಆದ್ದರಿಂದ ಇವತ್ತು ಕತ್ತಲಾದ ಮೇಲೆ ಕಾರನ್ನು ಗೋಡೆಗೆ ಹಿಂದು ಮಾಡಿ ನಿಲ್ಲಿಸಿ, ಬ್ರೇಕ್ ಒತ್ತಿ, ಬಿಡಿ, ಗೋಡೆಯ ಮೇಲೆ ಬೆಳಕು ನೋಡಿ. ಮನೆಯವರೊಬ್ಬರು ಹಿಂದೆ ನಿಂತರೆ ಇನ್ನೂ ಒಳ್ಳೆಯದು. ಕಾಲು ತೆಗೆದ ಕೂಡಲೇ ಆರಬೇಕು, ಇಟ್ಟ ಕೂಡಲೇ ಎಲ್ಲವೂ ಹತ್ತಬೇಕು, ಹಿಂದಿನ ಗಾಜಿನ ಹತ್ತಿರ ಮೇಲಿರುವ ಮೂರನೆಯದ್ದೂ. ಇದು ಬರೀ ಕ್ರೂಸ್‌ನ ಮಾತಲ್ಲ. ನಮ್ಮ ಹೆದ್ದಾರಿ 66ರಲ್ಲಿ ಆಟಿ ತಿಂಗಳ ಮಳೆ ಹೊಡೆಯುವಾಗ ಹಿಂದಿನ ಲಾರಿಯವರಿಗೆ ಕಾಣುವುದು ಆ ಕೆಂಪು ಲೈಟ್ ಒಂದೇ. ಅದು ಸದಾ ಉರಿಯುತ್ತಿದ್ದರೆ ನೀವು ನಿಜವಾಗಿ ಬ್ರೇಕ್ ಹಾಕಿದ್ದು ಅವರಿಗೆ ಗೊತ್ತೇ ಆಗುವುದಿಲ್ಲ.

ಲೈಟ್ ಸರಿ ಇದೆ ಅನ್ನೋಣ. ಆಗಲೂ ಬ್ರೇಕ್ ಸ್ವಿಚ್ ಸರಿ ಇದೆ ಅನ್ನುವ ಹಾಗಿಲ್ಲ, ಹೆಚ್ಚಿನವರು ಎಡವುವುದು ಇಲ್ಲೇ. ಹೆಚ್ಚಿನ ಕಾರುಗಳಲ್ಲಿ ಆ ಒಂದೇ ಸ್ವಿಚ್ಚಿನ ಒಳಗೆ ಎರಡು ಕಾಂಟ್ಯಾಕ್ಟ್ ಇರುತ್ತವೆ. ಒಂದು ಲೈಟಿಗೆ, ಇನ್ನೊಂದು ಕಂಪ್ಯೂಟರಿಗೆ ಪ್ರತ್ಯೇಕವಾಗಿ ಸುದ್ದಿ ಕೊಡಲು. ಒಂದು ತೆರೆದಾಗ ಇನ್ನೊಂದು ಮುಚ್ಚಬೇಕು. ಲೈಟಿನದ್ದು ಚೆನ್ನಾಗಿದ್ದು ಎರಡನೆಯದ್ದು ಸವೆದಿದ್ದರೆ, ಅಥವಾ ಅದರ ಪಿನ್ನಿಗೆ ಕಿಲುಬು ಹಿಡಿದಿದ್ದರೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಕ್ರೂಸ್ ಮಾತ್ರ ಹಿಡಿಯುವುದಿಲ್ಲ. ಮೂಲ್ಕಿ ಸೇತುವೆಯ ಜಾಯಿಂಟ್ ಮೇಲೆ ಚಕ್ರ ಕುಪ್ಪಳಿಸಿದಾಗ ಮಾತ್ರ ಕ್ರೂಸ್ ಬಿಟ್ಟುಹೋಗುತ್ತದೆ ಅನ್ನುವವರು ಸ್ವಿಚ್ ಕೂತಿರುವ ಜಾಗ ಸಡಿಲ ಇದೆಯಾ, ಕನೆಕ್ಟರ್ ಗಟ್ಟಿ ಇದೆಯಾ ಅಂತ ಮೊದಲು ನೋಡಬೇಕು.

ನಿಮ್ಮದು ಮ್ಯಾನುವಲ್ ಆದ್ದರಿಂದ ಕ್ಲಚ್ ಸ್ವಿಚ್ಚೂ ಸಾಲಿನಲ್ಲಿದೆ. "ಕ್ಲಚ್ ಒತ್ತಿದರೆ ಗಾಡಿ ಸ್ಟಾರ್ಟ್ ಆಗುತ್ತದಲ್ಲ, ಸ್ವಿಚ್ ಸರಿ ಉಂಟು" ಅಂತ ಹೇಳುವವರಿದ್ದಾರೆ. ಎಷ್ಟೋ ಕಾರುಗಳಲ್ಲಿ ಸ್ಟಾರ್ಟ್ ಮಾಡಲು ಬೇಕಾದ ಸ್ವಿಚ್ ಪೆಡಲ್ ಕೆಳಗೆ ಮುಟ್ಟುವಲ್ಲಿ ಇರುತ್ತದೆ, ಕ್ರೂಸ್‌ಗೆ ಬೇಕಾದದ್ದು ಮೇಲೆ. ಎರಡೂ ಬೇರೆ ಬೇರೆ. ಕ್ಲಚ್ ಪೆಡಲ್ ಮೇಲೆ ಕಾಲು ಇಟ್ಟುಕೊಂಡೇ ಓಡಿಸುವ ಅಭ್ಯಾಸ ಇದ್ದರೆ ಅದನ್ನೂ ಒಮ್ಮೆ ಗಮನಿಸಿ.

ಈಗ ಗ್ಯಾರೇಜಿನವರು ಹೇಳಿದ ಸ್ಟೀರಿಂಗ್ ಸ್ವಿಚ್. ಹೆಚ್ಚಿನ ಗಾಡಿಗಳಲ್ಲಿ ಆ ಬಟನ್‌ಗಳೆಲ್ಲ ಒಂದೇ ವೈರ್ ಹಂಚಿಕೊಳ್ಳುತ್ತವೆ. ಒಂದೊಂದು ಬಟನ್ನಿಗೂ ಬೇರೆ ಬೇರೆ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಸಣ್ಣ ಭಾಗ), ಒತ್ತಿದಾಗ ವೋಲ್ಟೇಜ್ ಎಷ್ಟಕ್ಕೆ ಇಳಿಯಿತು ಅಂತ ನೋಡಿ ಯಾವ ಬಟನ್ ಅಂತ ಕಂಪ್ಯೂಟರ್ ತಿಳಿದುಕೊಳ್ಳುತ್ತದೆ. ನಿಮ್ಮಲ್ಲಿ ಆನ್ ಲೈಟ್ ಬರುತ್ತಿದೆ, ಅಂದರೆ ವೈರ್ ತುಂಡಾಗಿಲ್ಲ, ಫ್ಯೂಸ್ ಹೋಗಿಲ್ಲ. ಸೆಟ್ ಬಟನ್ನಿನ ಕಾಂಟ್ಯಾಕ್ಟ್ ಒಂದೇ ಕೆಟ್ಟಿರುವ ಸಾಧ್ಯತೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದನ್ನು ಅಳೆದು ಹೇಳಬಹುದು, ಊಹೆ ಮಾಡಬೇಕಾಗಿಲ್ಲ.

ಸ್ಟೀರಿಂಗ್ ಒಳಗೆ ಕ್ಲಾಕ್ ಸ್ಪ್ರಿಂಗ್ ಅಂತ ಇನ್ನೊಂದು ಉಂಟು, ಸುರುಳಿ ಸುತ್ತಿದ ಪಟ್ಟಿಯಂಥ ಕೇಬಲ್. ಅದು ತುಂಡಾದರೆ ಸಾಮಾನ್ಯವಾಗಿ ಕ್ರೂಸ್ ಜೊತೆಗೆ ಹಾರ್ನ್, ಆಡಿಯೋ ಬಟನ್ ಕೂಡ ಸತ್ತಿರುತ್ತವೆ, ಅನೇಕ ಸಲ ಏರ್‌ಬ್ಯಾಗ್ ಲೈಟ್ ಹತ್ತಿರುತ್ತದೆ. ನಿಮಗೆ ಹಾಗೇನೂ ಇಲ್ಲದಿದ್ದರೆ ಆ ಕಡೆ ಹೋಗಬೇಡಿ. ಮನೆಯಲ್ಲಿ ಸ್ಟೀರಿಂಗ್ ಬಿಚ್ಚುವುದಂತೂ ಬೇಡವೇ ಬೇಡ. ಅಲ್ಲಿ ಏರ್‌ಬ್ಯಾಗ್ ಇದೆ, ಬ್ಯಾಟರಿಯ ನೆಗೆಟಿವ್ ಕಳಚಿ, ಕಂಪನಿ ಹೇಳಿದಷ್ಟು ಹೊತ್ತು ಕಾದು ಮಾಡುವ ಕೆಲಸ ಅದು, ಕೈಪಳಗಿದವರಿಗೇ ಬಿಡಿ.

ಮೀಟರ್‌ನಲ್ಲಿ ಇಂಜಿನ್ ಲೈಟೋ ಎಬಿಎಸ್ ಲೈಟೋ ಉರಿಯುತ್ತಿದ್ದರೆ ಅದನ್ನು ಮೊದಲು ಸರಿ ಮಾಡಿಸಿ, ಕ್ರೂಸ್ ತಾನಾಗಿಯೇ ಬಂದರೂ ಬಂದೀತು. ಬ್ರೇಕ್ ಬಲ್ಬ್ ತೆಗೆದು ಎಲ್‌ಇಡಿ ಹಾಕಿಸಿದ್ದೀರಾ? ಕೆಲವು ಗಾಡಿಗಳಲ್ಲಿ, ಮುಖ್ಯವಾಗಿ ಹಳೆಯವುಗಳಲ್ಲಿ, ಅದರಿಂದಲೂ ಕ್ರೂಸ್ ನಿಂತುಹೋಗುತ್ತದೆ, ಹಳೆ ಬಲ್ಬ್ ಹಾಕಿ ನೋಡಿ.

ಮಳೆ ಶುರುವಾದ ಮೇಲೆ ಅಂದಿದ್ದೀರಿ, ಅದು ಸಣ್ಣ ಸುಳಿವಲ್ಲ. ನಮ್ಮ ಕರಾವಳಿಯ ಉಪ್ಪುಗಾಳಿ, ತಿಂಗಳುಗಟ್ಟಲೆ ತೇವ, ಜೊತೆಗೆ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ ಒಳಗೆ ಸೇರುವ ಇಲಿ. ಚಾಲಕನ ಕಾಲ ಬುಡದ ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಒತ್ತಿ ನೋಡಿ, ನೀರು ಜಿನುಗುತ್ತಿದ್ದರೆ ಅಲ್ಲಿಂದಲೇ ಹುಡುಕಲು ಶುರು ಮಾಡಿ. ಕನೆಕ್ಟರ್ ಎಳೆದಾಗ ತಾಮ್ರದ ಪಿನ್ ಹಸಿರಾಗಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ ಹಾಕಬೇಕು. ಒಂದು ಮಾತ್ರ ಕೈಮುಗಿದು ಹೇಳುತ್ತೇನೆ, ಕರೆಂಟ್ ಬರುತ್ತಿದೆಯಾ ಅಂತ ನೋಡಲು ವೈರಿನ ಸಿಪ್ಪೆಗೆ ಸೂಜಿ ಚುಚ್ಚಲು ಯಾರಿಗೂ ಬಿಡಬೇಡಿ. ಆ ತೂತಿನಿಂದ ತೇವ ಒಳಗೆ ಹೋಗಿ ಮುಂದಿನ ಮಳೆಗಾಲಕ್ಕೆ ವೈರ್ ಒಳಗಿಂದಲೇ ಕೊಳೆತಿರುತ್ತದೆ. ಕನೆಕ್ಟರಿನ ಹಿಂಬದಿಯಿಂದ ಮುಟ್ಟಿಸಿ ಅಳೆಯಲು ಬರುತ್ತದೆ.

ಗ್ಯಾರೇಜಿಗೆ ಹೋದಾಗ ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷ ಓದುವ ಸ್ಕ್ಯಾನರ್ ಹಾಕಿಸಿ, ದೋಷದ ಕೋಡ್ ಏನು ಬಂತು ಅಂತ ಕೇಳಿ ಬರೆದುಕೊಳ್ಳಿ. ಪಿ0571 ಬಂದರೆ ಬ್ರೇಕ್ ಸ್ವಿಚ್ಚಿನ ಸರ್ಕ್ಯೂಟ್, ಪಿ0504 ಅಂದರೆ ಆಗಲೇ ಹೇಳಿದ ಎರಡು ಕಾಂಟ್ಯಾಕ್ಟ್‌ಗಳ ಮಾತು ಒಂದಕ್ಕೊಂದು ತಾಳೆ ಆಗುತ್ತಿಲ್ಲ, ಪಿ0500 ಸ್ಪೀಡ್ ಸೆನ್ಸರ್‌ನದ್ದು. ಕೋಡ್ ಇಲ್ಲದಿದ್ದರೆ ಲೈವ್ ಡೇಟಾ ತೆರೆಯಲು ಹೇಳಿ, ನೀವೇ ಸೀಟಲ್ಲಿ ಕೂತು ಬ್ರೇಕ್, ಕ್ಲಚ್, ಸೆಟ್ ಒಂದೊಂದಾಗಿ ಒತ್ತಿ. ಪರದೆಯಲ್ಲಿ ಯಾವುದು ಬದಲಾಗುವುದಿಲ್ಲವೋ ಅದರ ಸ್ವಿಚ್ಚನ್ನೂ ವೈರನ್ನೂ ಅಳೆಯಬೇಕು. ಸೆಟ್ ಬಟನ್ನೇ ಬದಲಾಗದೆ, ಉಳಿದದ್ದೆಲ್ಲ ಸರಿ ಬಂದು, ಅಳೆದಾಗಲೂ ಬಟನ್ನೇ ಕೆಟ್ಟಿದೆ ಅಂತ ಕಂಡರೆ, ಆಗ ಆ ಸ್ಟೀರಿಂಗ್ ಸ್ವಿಚ್ ಧೈರ್ಯವಾಗಿ ಹಾಕಿಸಿ.